ದಡದಲ್ಲಿ ಬಾಯಾರುವ ದೋಣಿ

ಬೋರ್‌ವೆಲ್ ಬತ್ತಿದ ಮೇಲೂ ಮೋಟಾರು ಓಡುತ್ತಲೇ ಇದ್ದರೆ ಏನಾಗುತ್ತದೆ ಎಂಬುದನ್ನು ಕೋಲಾರ, ಚಿತ್ರದುರ್ಗದ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರನ್ನು ಮೇಲೆತ್ತುವ ಸಬ್‌ಮರ್ಸಿಬಲ್ ಮೋಟಾರು ತನ್ನ ಮೈಯನ್ನು ತಂಪಾಗಿ ಇಟ್ಟುಕೊಳ್ಳುವುದು ಅದೇ ನೀರಿನಿಂದ. ಪಂಪಿನ ಬೇರಿಂಗುಗಳಿಗೆ ಎಣ್ಣೆಯ ಬದಲು ಒದಗುವುದೂ ಅದೇ ನೀರು. ನೀರು ನಿಂತ ಮೇಲೆ ಓಡಿದ್ದೆಲ್ಲ ಕೇಡಿಗೇ. ಕೊನೆಗೆ ಪೈಪನ್ನೆಲ್ಲ ಮೇಲೆಳೆದು ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಹೊರಬೇಕು.

ಜೆಟ್ ದೋಣಿಯೂ ಮೂಲತಃ ಇಂಥದೇ ಒಂದು ಪಂಪು. ಜೆಟ್ ಎಂದೊಡನೆ ವಿಮಾನ ನೆನಪಾಗುವುದು ಸಹಜ. ಆದರೆ ಇಲ್ಲಿರುವುದು ಕಾರು, ಲಾರಿಗಳಲ್ಲಿ ಕಾಣುವಂಥ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್. ಅದು ದೋಣಿಯೊಳಗೇ ಕೂತಿರುವ ಪಂಪನ್ನು ತಿರುಗಿಸುತ್ತದೆ. ಪಂಪು ದೋಣಿಯ ತಳದ ಜಾಲರಿಯಿಂದ ನೀರನ್ನು ಹೀರಿ, ಹಿಂಭಾಗದ ಕಿರಿದಾದ ಮೂತಿಯಿಂದ ರಭಸವಾಗಿ ಚಿಮ್ಮಿಸುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ತಳದ ಕೆಳಗೆ ಚಾಚಿಕೊಂಡ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿ ಇಲ್ಲ. ಬಂಡೆಗೆ ತಾಗಿ ಮುರಿಯುವಂಥದ್ದು ಏನೂ ಇಲ್ಲ. ವೇಗ ಹಿಡಿದು ನೀರಿನ ಮೇಲ್ಮೈಗೆ ಎದ್ದ ಮೇಲೆ ನಾಲ್ಕಾರು ಅಂಗುಲ ನೀರಿದ್ದರೂ ಅದು ಹಾದುಹೋಗುತ್ತದೆ.

ಈ ಸೌಕರ್ಯಕ್ಕೆ ತೆರಬೇಕಾದ ಬೆಲೆಯೊಂದಿದೆ. ನೀರಿನೊಳಗಿನ ಅಂಗಗಳನ್ನೆಲ್ಲ ಕಳಚಿಕೊಂಡ ಈ ದೋಣಿ ಬೇರೆಲ್ಲ ದೋಣಿಗಳಿಗಿಂತ ಹೆಚ್ಚಾಗಿ ನೀರಿಗೆ ಕಟ್ಟುಬಿದ್ದಿದೆ. ಅದನ್ನು ದಡಕ್ಕೆಳೆದು, ಟ್ರೇಲರಿನ ಮೇಲೆ ನಿಲ್ಲಿಸಿ ಎಂಜಿನ್ ಚಾಲೂ ಮಾಡುವುದು ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ ಕಿಕ್ ಹೊಡೆದಷ್ಟು ಸುಲಭವಲ್ಲ.

ನೀರು ಚಿಮ್ಮಿಸಿ ದೋಣಿ ನಡೆಸುವ ಯೋಚನೆ ಹಳೆಯದು. ಇಂಗ್ಲೆಂಡಿನಲ್ಲಿ ಟೂಗುಡ್ ಮತ್ತು ಹೇಯ್ಸ್ ಎಂಬಿಬ್ಬರು 1661ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಅಮೆರಿಕದ ಜೇಮ್ಸ್ ರಮ್ಸೆ 1787ರಲ್ಲಿ ಪೊಟೊಮ್ಯಾಕ್ ನದಿಯಲ್ಲಿ ಉಗಿಯಿಂದ ನಡೆಯುವ ಪಂಪಿನ ದೋಣಿಯೊಂದನ್ನು ಜನರೆದುರು ಓಡಿಸಿ ತೋರಿಸಿದ. ಬ್ರಿಟಿಷ್ ನೌಕಾಪಡೆ 1866ರಲ್ಲಿ ‘ವಾಟರ್‌ವಿಚ್’ ಎಂಬ ಹಡಗನ್ನೇ ಈ ತತ್ವದ ಮೇಲೆ ಕಟ್ಟಿಸಿತು. ಪ್ರೊಪೆಲ್ಲರ್ ಹಡಗುಗಳನ್ನು ಮೀರಿಸಲು ಅದಕ್ಕೆ ಆಗಲಿಲ್ಲ, ಪ್ರಯೋಗ ಅಲ್ಲಿಗೇ ನಿಂತಿತು. ಆಳವಾದ ಸಮುದ್ರದಲ್ಲಿ ಪ್ರೊಪೆಲ್ಲರಿಗೆ ಅಡ್ಡಿಯೇ ಇಲ್ಲದಿರುವಾಗ ಅದನ್ನು ಬಿಟ್ಟುಕೊಡಲು ಯಾರಿಗೆ ತಾನೆ ಮನಸ್ಸು ಬಂದೀತು? ಈ ಯಂತ್ರಕ್ಕೆ ಬೇಕಾಗಿದ್ದುದು ಸಮುದ್ರವಲ್ಲ, ಕೆಟ್ಟ ನದಿ.

ಅಂಥ ನದಿಗಳು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿದ್ದವು. ಹಿಮ ಕರಗಿ ಇಳಿಯುವ ಅಲ್ಲಿಯ ಹೊಳೆಗಳು ಜಲ್ಲಿಕಲ್ಲಿನ ಅಗಲವಾದ ಪಾತ್ರದಲ್ಲಿ ಜಡೆ ಹೆಣೆದಂತೆ ಹತ್ತಾರು ಕವಲಾಗಿ ಹರಿಯುತ್ತವೆ. ಸೆಳವು ಬಲು ಜೋರು, ಆಳ ಕೆಲವೆಡೆ ಮೊಣಕಾಲುದ್ದವೂ ಇಲ್ಲ. ಆ ಸೀಮೆಯ ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕುತ್ತಿದ್ದವರು ವಿಲಿಯಂ ಹ್ಯಾಮಿಲ್ಟನ್. 1899ರಲ್ಲಿ ಹುಟ್ಟಿದ ಇವರನ್ನು ಎಲ್ಲರೂ ಬಿಲ್ ಎಂದೇ ಕರೆಯುತ್ತಿದ್ದರು. ಕುರಿಗಿಂತ ಯಂತ್ರದ ಮೇಲೆಯೇ ಅವರಿಗೆ ಮೋಹ ಹೆಚ್ಚು. 1930ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಬೆಂಟ್ಲಿ ಕಾರು ಓಡಿಸಿ ಗೆದ್ದು ಬಂದಿದ್ದರು. ಜಮೀನಿನಲ್ಲಿ ತಾವೇ ಒಡ್ಡು ಕಟ್ಟಿ ವಿದ್ಯುತ್ ತಯಾರಿಸಿಕೊಂಡರು. ಆ ಕೆಲಸಕ್ಕೆ ಮಣ್ಣು ಬಾಚುವ ಯಂತ್ರ ಬೇಕಾದಾಗ ಅದನ್ನೂ ತಮ್ಮ ವರ್ಕ್‌ಶಾಪಿನಲ್ಲಿ ಮಾಡಿಕೊಂಡರು. ಮುಂದೆ ಅದೇ ಅವರ ಕಸುಬಾಯಿತು.

ಐವತ್ತರ ದಶಕದ ಆರಂಭದಲ್ಲಿ, ಮನೆಯ ಸುತ್ತಲ ಹೊಳೆಗಳಲ್ಲಿ ಪ್ರವಾಹಕ್ಕೆದುರಾಗಿ ಮೇಲೇರಬಲ್ಲ ದೋಣಿಯೊಂದು ಬೇಕೆಂಬ ಹಠ ಅವರಿಗೆ ಹಿಡಿಯಿತು. ಹನ್ನೆರಡು ಅಡಿಯ ಪ್ಲೈವುಡ್ ದೋಣಿಗೆ ಫೋರ್ಡ್ ಕಾರಿನ ಎಂಜಿನ್ ಜೋಡಿಸಿ, ಪಂಪು ಕೂರಿಸಿದರು. ಮೊದಲು ನೀರು ಚಿಮ್ಮುವ ಮೂತಿ ದೋಣಿಯ ತಳದ ಕೆಳಗಿತ್ತು. ವೇಗ ಗಂಟೆಗೆ 11 ಮೈಲಿ ದಾಟಲಿಲ್ಲ. ಆ ಮೂತಿಯನ್ನು ಹಿಂಬದಿಯ ಹಲಗೆಯ ಮೂಲಕ, ನೀರಿನ ಮಟ್ಟಕ್ಕಿಂತ ತುಸು ಮೇಲೆ ತೆರೆಯುವಂತೆ ಬದಲಿಸಿದರು. ಅದೇ ಎಂಜಿನ್ನಿನಲ್ಲಿ ದೋಣಿ 17 ಮೈಲಿ ಓಡಿತು. ತಳದ ಕೆಳಗೆ ನೇತಾಡುತ್ತ ನೀರನ್ನು ತಡೆಯುತ್ತಿದ್ದ ಭಾಗ ಹೋದದ್ದೇ ಈ ಲಾಭಕ್ಕೆ ಕಾರಣ. ಮುಂದಿನ ವರ್ಷಗಳಲ್ಲಿ ಪಂಪಿನ ರೂಪವೂ ಬದಲಾಯಿತು. ನೀರನ್ನು ಬದಿಗೆ ಎಸೆಯುವ ಮಾದರಿ ಹೋಗಿ, ನೇರವಾಗಿ ಹಿಂದಕ್ಕೆ ತಳ್ಳುವ ಮಾದರಿ ಬಂತು. ತಾನು ಹೊಸದೇನನ್ನೂ ಕಂಡುಹಿಡಿದಿಲ್ಲ, ಆ ಗೌರವ ಆರ್ಕಿಮಿಡೀಸನಿಗೆ ಸಲ್ಲಬೇಕು ಎಂದು ಹ್ಯಾಮಿಲ್ಟನ್ ನಗೆಯಾಡುತ್ತಿದ್ದರಂತೆ. ಆದರೆ 1661ರಿಂದ ಯಾರಿಗೂ ಕೈಹತ್ತದ ಕೆಲಸ ಈ ಕುರಿಗಾಹಿಗೆ ಕೈಹತ್ತಿತು ಎಂಬುದಂತೂ ನಿಜ.

ಕಾರಿನ ಎಂಜಿನ್ ದೋಣಿಗೆ ಬಂದಾಗ ರೇಡಿಯೇಟರನ್ನು ದಡದಲ್ಲೇ ಬಿಟ್ಟು ಬರುತ್ತದೆ. ಸುತ್ತಲೂ ಇಷ್ಟೊಂದು ತಣ್ಣೀರಿರುವಾಗ ಅದರ ಅಗತ್ಯವಾದರೂ ಏನು? ಬಹುತೇಕ ಪೆಟ್ರೋಲ್ ಜೆಟ್ ದೋಣಿಗಳಲ್ಲಿ ಪಂಪಿನ ಒತ್ತಡದ ಬದಿಗೆ ಸಣ್ಣ ಕೊಳವೆಯೊಂದನ್ನು ಜೋಡಿಸಿರುತ್ತಾರೆ. ಹೊಳೆಯ ನೀರೇ ಆ ಕೊಳವೆಯಲ್ಲಿ ನುಗ್ಗಿ ಎಂಜಿನ್ನಿನ ಸುತ್ತ ಹರಿದು, ಕೊನೆಗೆ ಹೊಗೆಯ ಕೊಳವೆಗೆ ಬಿದ್ದು, ಹೊಗೆಯೊಡನೆ ಬೆರೆತು ಹೊರಬೀಳುತ್ತದೆ. ಹೊಗೆಯನ್ನು ಹೀಗೆ ನೀರಿನಿಂದ ತಣಿಸುವುದರಿಂದಲೇ ಅದರ ದಾರಿಯಲ್ಲಿ ರಬ್ಬರ್ ಕೊಳವೆ ಹಾಕಲು ಸಾಧ್ಯ. ಪಂಪಿನ ಕೊನೆಯಲ್ಲಿ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಕೂಡ ಹಲವು ಮಾದರಿಗಳಲ್ಲಿ ರಬ್ಬರಿನದು. ಅದಕ್ಕೆ ಗ್ರೀಸ್ ಇಲ್ಲ, ನೀರೇ ಅದರ ಗ್ರೀಸು.

ಈ ವ್ಯವಸ್ಥೆಯ ದೋಣಿಯನ್ನು ದಡದಲ್ಲಿ ಒಣದಾಗಿ ಓಡಿಸಿದರೆ ಮೊದಲು ಕೆಡುವುದು ಎಂಜಿನ್ ಅಲ್ಲ. ಅದು ಕಬ್ಬಿಣದ ದೊಡ್ಡ ಮುದ್ದೆ, ಕಾಯಲು ತುಸು ಹೊತ್ತು ಬೇಕು. ಮೊದಲು ಸುಡುವುದು ರಬ್ಬರು. ಆದ್ದರಿಂದಲೇ ತಿಳಿದವರು ಒಣ ಎಂಜಿನ್ ಚಾಲೂ ಆಗುತ್ತದೆಯೇ ಎಂದು ನೋಡಬೇಕಾದರೆ ಕೆಲವೇ ಸೆಕೆಂಡು ಓಡಿಸಿ ನಿಲ್ಲಿಸುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ನಲ್ಲಿಯ ಹೋಸ್ ಪೈಪನ್ನು ತಂಪುಕೊಳವೆಗೆ ಸಿಕ್ಕಿಸುತ್ತಾರೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಮೊದಲು ನಲ್ಲಿ ತಿರುಗಿಸಿ ಆಮೇಲೆ ಎಂಜಿನ್ ಚಾಲೂ ಮಾಡುವುದೇ ಕ್ಷೇಮವೆಂದು ಯಾರಿಗಾದರೂ ತೋರುತ್ತದೆ. ಕ್ರಮ ಅದಕ್ಕೆ ತಿರುಗುಮುರುಗು. ಎಂಜಿನ್ ಮೊದಲು, ನೀರು ಆಮೇಲೆ. ನಿಲ್ಲಿಸುವಾಗ ನೀರು ಮೊದಲು, ಎಂಜಿನ್ ಆಮೇಲೆ. ಓಡುವ ಎಂಜಿನ್ನಿನ ಹೊಗೆ ತನ್ನ ಕೊಳವೆಗೆ ಬಿದ್ದ ನೀರನ್ನು ಹೊರಕ್ಕೆ ಊದುತ್ತಿರುತ್ತದೆ. ಎಂಜಿನ್ ನಿಂತಿದ್ದು ನಲ್ಲಿ ಮಾತ್ರ ತೆರೆದಿದ್ದರೆ ಆ ನೀರು ಹೊಗೆಕೊಳವೆಯಲ್ಲಿ ತುಂಬಿ, ತೆರೆದಿರುವ ವಾಲ್ವಿನ ಮೂಲಕ ಸಿಲಿಂಡರಿಗೇ ಇಳಿಯಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಆ ಸ್ಥಿತಿಯಲ್ಲಿ ಸ್ವಿಚ್ ತಿರುಗಿಸಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು. ಬಾಯಾರಿದ ಎಂಜಿನ್ನಿಗೆ ಕುಡಿಸಲು ಹೋಗಿ ಮುಳುಗಿಸಿದಂತೆ! ಇನ್ನು ನೀರು ಕೊಡಲು ಮರೆತು ಎಂಜಿನ್ ಚೆನ್ನಾಗಿ ಕಾದ ಮೇಲೆ ನೆನಪಾಗಿ ಒಮ್ಮೆಲೇ ನಲ್ಲಿ ತಿರುಗಿಸುವವರಿದ್ದಾರೆ. ಕಾದ ಬಾಣಲೆಗೆ ತಣ್ಣೀರು ಎರಚಿದರೆ ಆಗುವುದೇ ಅಲ್ಲೂ ಆಗುತ್ತದೆ. ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಹೀಗೆ ನೀರು ಕೊಟ್ಟು ಓಡಿಸಿದರೂ ದಡದ ಮೇಲೆ ಎಂಜಿನ್ನನ್ನು ಪೂರ್ತಿ ಹದಗೊಳಿಸಲು ಆಗುವುದಿಲ್ಲ. ಕಾರ್ಬ್ಯುರೇಟರಿನ ಕಾಲದಲ್ಲಿ ಐಡ್ಲಿಂಗ್ ವೇಗ, ಪಾಯಿಂಟಿನ ಅಂತರ, ಕಿಡಿ ಹಾರುವ ಟೈಮಿಂಗ್, ಟ್ಯಾಪೆಟ್ಟಿನ ಸಡಿಲ ಇವನ್ನೆಲ್ಲ ಮೆಕ್ಯಾನಿಕ್ ದಡದಲ್ಲೇ ಸರಿಪಡಿಸಬಹುದಿತ್ತು. ಆದರೆ ಪಂಪಿನ ಬಾಯಲ್ಲಿ ನೀರಿಲ್ಲದಾಗ ಇಂಪೆಲ್ಲರ್ ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಎಂಜಿನ್ನಿಗೆ ಹೊರೆಯೇ ಇಲ್ಲ. ತುಸು ಥ್ರಾಟಲ್ ಕೊಟ್ಟರೂ ಸದ್ದು ಮುಗಿಲಿಗೇರುತ್ತದೆ, ಆ ಸದ್ದಿಗೆ ಅರ್ಥವಿಲ್ಲ. ನೀರಿನಲ್ಲಿ ಕತೆಯೇ ಬೇರೆ. ಇಂಪೆಲ್ಲರಿನ ವೇಗ ಇಮ್ಮಡಿಯಾದರೆ ಅದು ಬೇಡುವ ಶಕ್ತಿ ಇಮ್ಮಡಿಯಲ್ಲ, ಎಂಟು ಪಟ್ಟು. ನಿಮಿಷಕ್ಕೆ 2000 ಸುತ್ತಿನಲ್ಲಿ 25 ಅಶ್ವಶಕ್ತಿ ತಿನ್ನುವ ಪಂಪು 4000 ಸುತ್ತಿನಲ್ಲಿ 200 ಅಶ್ವಶಕ್ತಿ ಕೇಳುತ್ತದೆ. ಕಾರು ಚಾರ್ಮಾಡಿ ಘಾಟಿ ಏರುವಾಗ ಮಾತ್ರ ಏದುಸಿರು ಬಿಟ್ಟು, ಬಯಲಿಗೆ ಬಂದೊಡನೆ ಸುಧಾರಿಸಿಕೊಳ್ಳುತ್ತದೆ. ಜೆಟ್ ದೋಣಿಯ ಎಂಜಿನ್ನಿಗೆ ಇಡೀ ದಿನ ಘಾಟಿಯೇ. ದಡದಲ್ಲಿ ಗಡಿಯಾರದಂತೆ ಓಡಿದ ಎಂಜಿನ್ ಹೊಳೆಗಿಳಿದು ಪೂರ್ಣ ಥ್ರಾಟಲ್ ಕೊಟ್ಟಾಗ ಕೆಮ್ಮುವುದು ಇದಕ್ಕೇ. ಪೆಟ್ರೋಲು ಸಾಲದೆ ಗಾಳಿ ಹೆಚ್ಚಾಗಿರುವ ಮಿಶ್ರಣ ಹೊರೆ ಬಿದ್ದಾಗ ಮಾತ್ರ ತನ್ನ ಗುಣ ತೋರಿಸುತ್ತದೆ. ಆಗ ವಾಲ್ವು ಸುಡಬಹುದು, ಪಿಸ್ಟನ್ ತೂತಾಗಬಹುದು.

ಹಾಗಾಗಿ ಕೊನೆಯ ಹದ ನೀರಿನಲ್ಲೇ ಆಗಬೇಕು. ದೋಣಿಯನ್ನು ಪೂರ್ಣ ವೇಗದಲ್ಲಿ ಒಂದಷ್ಟು ದೂರ ಓಡಿಸಿ, ಹಟಾತ್ತನೆ ನಿಲ್ಲಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಹಳೆಯ ಕ್ರಮ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಕಂದು ಬಣ್ಣ ಬಂದಿದ್ದರೆ ಸರಿ. ಸ್ಕೂಟರ್ ಮೆಕ್ಯಾನಿಕ್ಕುಗಳಿಗೂ ಇದು ಗೊತ್ತು. ಜೆಟ್ ದೋಣಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ದೋಣಿ ನಿಂತಿರಲಿ, ಓಡುತ್ತಿರಲಿ, ಒಂದೇ ಸುತ್ತಿನ ವೇಗದಲ್ಲಿ ಪಂಪು ತಿನ್ನುವ ಶಕ್ತಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪೂರ್ಣ ಥ್ರಾಟಲಿನಲ್ಲಿ ಎಂಜಿನ್ ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂಬುದೊಂದೇ ಸಾಕು, ಅದರ ಬಲ ಗೊತ್ತಾಗುತ್ತದೆ. ಪಂಪೇ ತಕ್ಕಡಿ. ಸುತ್ತು ಕಡಿಮೆಯಾಗಿದ್ದರೆ ದೋಷ ಎಂಜಿನ್ನಿನದು. ಸುತ್ತು ಹೆಚ್ಚಾಗಿಯೂ ದೋಣಿ ನಿಧಾನವಾಗಿದ್ದರೆ ಪಂಪು ಗಾಳಿ ಹೀರುತ್ತಿರಬೇಕು, ಇಲ್ಲವೇ ಇಂಪೆಲ್ಲರ್ ಸವೆದಿರಬೇಕು. ಮರಳು, ಜಲ್ಲಿ ನುಂಗುವ ಹೊಳೆಗಳಲ್ಲಿ ಇಂಪೆಲ್ಲರಿಗೂ ಅದರ ಸುತ್ತಲ ಬಳೆಗೂ ನಡುವಿನ ಕೂದಲೆಳೆಯ ಅಂತರ ಬೇಗ ಹಿಗ್ಗುತ್ತದೆ.

ಎಂಜಿನ್ನಿನ ಹದಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಲು ಕಾರಣವಿದೆ. ಈ ದೋಣಿಗೆ ಪ್ರತ್ಯೇಕ ಚುಕ್ಕಾಣಿ ಇಲ್ಲ. ಚಿಮ್ಮುವ ನೀರನ್ನು ಎಡಕ್ಕೋ ಬಲಕ್ಕೋ ತಿರುಗಿಸಿಯೇ ದೋಣಿಯನ್ನು ತಿರುಗಿಸಬೇಕು. ಆ ನೀರಿಗೆ ಮುಚ್ಚಳ ಅಡ್ಡ ಇಳಿಸಿ ಮುಂದಕ್ಕೆ ಹೊರಳಿಸುವುದೇ ಬ್ರೇಕು. ಎಂಜಿನ್ ನಿಂತಿತೆಂದರೆ ಚುಕ್ಕಾಣಿಯೂ ಹೋಯಿತು, ಬ್ರೇಕೂ ಹೋಯಿತು. ನೊರೆಗಟ್ಟಿದ ಇಳಿಜಾರಿನ ನಡುವೆ ಅರೆಗಳಿಗೆ ಉಸಿರು ಕಟ್ಟಿದರೂ ಹೊಳೆ ದೋಣಿಯನ್ನು ಬಂಡೆಗಳ ಮೇಲೆ ಹಿಂದುಮುಂದಾಗಿ ಎಸೆಯುತ್ತದೆ.

ಇದನ್ನು ಚೆನ್ನಾಗಿ ಬಲ್ಲವರು ಬಿಲ್ ಹ್ಯಾಮಿಲ್ಟನ್ ಅವರ ಮಗ ಜಾನ್. 1960ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ಕೊಲರಾಡೊ ನದಿಯನ್ನು ಪ್ರವಾಹಕ್ಕೆದುರಾಗಿ ಏರಿದ ಜೆಟ್ ದೋಣಿಗಳ ಮುಖ್ಯ ಚಾಲಕ ಅವರೇ. ಅಲ್ಲಿಯವರೆಗೆ ಆ ಕಮರಿಯುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ದೋಣಿಯಲ್ಲಿ ಹೋದವರಿರಲಿಲ್ಲ.

ಹದಿನೇಳು ವರ್ಷಗಳ ಬಳಿಕ ಅದೇ ಜಾನ್ ಹ್ಯಾಮಿಲ್ಟನ್ ಭಾರತಕ್ಕೆ ಬಂದರು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1977ರಲ್ಲಿ ಸಮುದ್ರದಿಂದ ಹಿಮಾಲಯದವರೆಗೆ ಗಂಗೆಯನ್ನು ಏರುವ ಸಾಹಸಕ್ಕೆ ಹೊರಟಿದ್ದರು. ‘ಗಂಗಾ’, ‘ಕಿವಿ’, ‘ಏರ್ ಇಂಡಿಯಾ’ ಎಂಬ ಮೂರು ಜೆಟ್ ದೋಣಿಗಳು ಆಗಸ್ಟ್ ತಿಂಗಳಲ್ಲಿ ಗಂಗಾಸಾಗರದಿಂದ ಹೊರಟವು. ಮಳೆಗಾಲದ ಗಂಗೆಯೆಂದರೆ ಹೂಳು ತುಂಬಿದ ಕೆಂಪು ನೀರು. ಎಂಜಿನ್ನನ್ನು ತಂಪಾಗಿಡಬೇಕಾದದ್ದೂ ಅದೇ ನೀರು, ಪಂಪನ್ನು ಸವೆಸುವುದೂ ಅದೇ ನೀರು. ಕಾಶಿಯಂಥ ಕಡೆಗಳಲ್ಲಿ ದಡದ ತುಂಬ ಜನ ನೆರೆದರು. ಋಷಿಕೇಶ ದಾಟಿದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗಗಳನ್ನು ದಾಟಿ ಅಲಕನಂದೆಯ ಸೆಳವುಗಳನ್ನು ಒಂದೊಂದಾಗಿ ಏರಿದ ದೋಣಿಗಳನ್ನು ಕೊನೆಗೆ ತಡೆದದ್ದು ನಂದಪ್ರಯಾಗದ ಬಳಿಯ ಒಂದು ಸಣ್ಣ ಜಲಪಾತ. ಪಂಪು ಹೀರಲು ತಳದಲ್ಲಿ ನೀರಿರಬೇಕು, ನೆಟ್ಟಗೆ ಬೀಳುವ ನೀರನ್ನು ಏರುವ ದೋಣಿ ಇನ್ನೂ ಹುಟ್ಟಿಲ್ಲ. ಅಲ್ಲಿಂದ ಮುಂದೆ ತಂಡ ನೆಲದ ಮೇಲೆ ಸಾಗಿ ಬದರಿಯತ್ತ ನಡೆಯಿತು. ಪರ್ವತದ ಮೇಲೆ ಹಿಲರಿ ಅಸ್ವಸ್ಥರಾಗಿ, ಅವರನ್ನು ಹೆಲಿಕಾಪ್ಟರಿನಲ್ಲಿ ಕೆಳಗೆ ತರಬೇಕಾಯಿತು. ಬಿಲ್ ಹ್ಯಾಮಿಲ್ಟನ್ ಆಗಿನ್ನೂ ಬದುಕಿದ್ದರು. 1974ರಲ್ಲಿ ‘ಸರ್’ ಪದವಿ ಪಡೆದಿದ್ದ ಅವರು 1978ರಲ್ಲಿ ತೀರಿಕೊಂಡರು.

ಈಗ ಕಾರ್ಬ್ಯುರೇಟರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಪ್ಲಗ್ಗಿನ ಬಣ್ಣ ನೋಡುವವರು ಕಡಿಮೆ, ಮಿಶ್ರಣದ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಹ್ಯಾಮಿಲ್ಟನ್ ಕಂಪನಿಯ ಪಂಪುಗಳು ದೊಡ್ಡ ಗಸ್ತು ನೌಕೆಗಳಿಗೂ ಏರಿವೆ. ಕಡಲತೀರಗಳಲ್ಲಿ ಪ್ರವಾಸಿಗರು ಸವಾರಿ ಮಾಡುವ ನೀರಿನ ಸ್ಕೂಟರುಗಳೂ ಇದೇ ವಂಶದವು. ಉಪ್ಪುನೀರಿನಲ್ಲಿ ಓಡಿ ಬಂದ ಅವುಗಳನ್ನು ಮರಳಿನ ಮೇಲೆ ಎಳೆದು ಹೋಸ್ ಪೈಪ್ ಸಿಕ್ಕಿಸಿ ಸಿಹಿನೀರಿನಿಂದ ತೊಳೆಯಬೇಕು, ಇಲ್ಲದಿದ್ದರೆ ಎಂಜಿನ್ನಿನ ಒಳದಾರಿಗಳು ತುಕ್ಕು ಹಿಡಿದು ಕಟ್ಟಿಕೊಳ್ಳುತ್ತವೆ. ಹಾಗೆ ತೊಳೆಯುವ ಹುಡುಗರು ಇಂದಿಗೂ ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನಲ್ಲಿ ತಿರುಗಿಸಬೇಕು, ಮುಗಿದಾಗ ಮೊದಲು ನಲ್ಲಿ ಕಟ್ಟಬೇಕು.