ಆ ಕಡೆಯೋನಿಗೇ ಗೊತ್ತಿರೋದು

ಹೋದ ಸಲ ಊರಿಗೆ ಹೋದಾಗ ಹಳ್ಳಿಮೈಸೂರಿನ ಟೀ ಅಂಗಡಿಯಲ್ಲಿ ಮಿಲಿಟ್ರಿ ತಾತ ಸಿಕ್ಕಿದರು. ವಯಸ್ಸು ಎಪ್ಪತ್ತೈದು ದಾಟಿದೆ. ಎಂಇಜಿಯಲ್ಲಿದ್ದವರು, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ಹಲಸೂರು ಕೆರೆ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಮಿಲಿಟರಿ ಕಾಂಪೌಂಡ್ ಕಾಣುತ್ತದಲ್ಲ, ಅವರದ್ದೇ. 1971ರ ಯುದ್ಧದಲ್ಲಿ ತಾತ ಶಕರ್‌ಗಢದ ಕಡೆ ಇದ್ದರು. ನೆಲದಲ್ಲಿ ಹೂತಿಟ್ಟ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಡುವ ಕೆಲಸ.

ಚಿಕ್ಕವನಿದ್ದಾಗ ಕೇಳುತ್ತಿದ್ದ ಪ್ರಶ್ನೆಯನ್ನೇ ತಮಾಷೆಗೆ ಮತ್ತೆ ಕೇಳಿದೆ: "ತಾತ, ಎಷ್ಟು ಜನ ಪಾಕಿಸ್ತಾನದೋರನ್ನ ಹೊಡೆದ್ರಿ?"

ತಾತ ನಗಲಿಲ್ಲ. "ನಾನು ದಾರಿ ಮಾಡ್ಕೊಟ್ಟೋನು ಕಣಪ್ಪಾ, ಹೊಡೆದೋನಲ್ಲ" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಶುರು ಮಾಡಿದರು. "ನನ್ ಜೊತೇಲಿದ್ದೋನು ಒಬ್ಬ ರಾತ್ರಿ ಮುಂದಕ್ಕೆ ಹೋದ. ವಾಪಸ್ ಬರ್ಲಿಲ್ಲ. ಹೆಂಗೆ ಹೋದ ಅಂತ ಅವನ ಹೆಂಡ್ತಿ ನನ್ನ ಕೇಳಿದ್ಲು. ನಾನೇನ್ ಹೇಳ್ಲಿ? ಅದು ಆ ಕಡೆ ಇದ್ದೋನಿಗೇ ಗೊತ್ತಿರೋದು. ಅವನು ಸಿಕ್ಕಿದ್ರೆ ಒಂದು ಟೀ ಕುಡಿಸಿ ಕೇಳ್ತಿದ್ದೆ."

ಶತ್ರುವಿಗೆ ಟೀ! ಬೆಂಗಳೂರಿಗೆ ವಾಪಸ್ ಬಂದರೂ ಈ ಮಾತು ತಲೆಯಿಂದ ಹೋಗಲಿಲ್ಲ. ಹುಡುಕಿ ಓದುತ್ತಾ ಹೋದಂತೆ, ತಾತ ಹೇಳಿದ್ದು ಬರೀ ಭಾವನೆಯ ಮಾತಲ್ಲ, ಇತಿಹಾಸದ ಮಾತು ಅಂತ ಗೊತ್ತಾಯಿತು.

ನಮ್ಮೂರಿಂದ ಅರಕಲಗೂಡು, ಕೊಣನೂರು, ಕುಶಾಲನಗರ ದಾಟಿದರೆ ಮಡಿಕೇರಿ. ಅಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆ ಇದೆ. ವೀಕೆಂಡ್ ಟ್ರಿಪ್‌ಗೆ ಹೋಗುವ ನಾವು ಅದರ ಪಕ್ಕದಲ್ಲೇ ಹಾದು ಹೋಗಿರುತ್ತೇವೆ, ತಲೆಯೆತ್ತಿ ನೋಡಿರುವುದಿಲ್ಲ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಮ್‌ಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ದಿನ ಮೀಸಲು ಪೈಲಟ್. ಆದರೂ ಗುಂಪು ಸೇರಿಕೊಂಡರು. ಉಳಿದವರು ವಾಪಸ್ ಬಂದರು, ದೇವಯ್ಯ ಬರಲಿಲ್ಲ. ಏನಾಯಿತು ಅಂತ ಜೊತೆಗಿದ್ದವರು ಯಾರೂ ನೋಡಿರಲಿಲ್ಲ. ದಾಖಲೆಯಲ್ಲಿ ಉಳಿದದ್ದು 'ಕಾಣೆ' ಅನ್ನುವ ಒಂದೇ ಪದ.

ನಡೆದದ್ದು ಗೊತ್ತಿದ್ದದ್ದು ಆ ಕಡೆಯವರಿಗೆ. ಪಾಕಿಸ್ತಾನದ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರ್‌ನಲ್ಲಿ ದೇವಯ್ಯನವರ ವಿಮಾನಕ್ಕೆ ಗುಂಡು ಹೊಡೆದರು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಮಿಸ್ಟೇರ್ ಅದರ ಮುಂದೆ ಹಳೇ ಗಾಡಿ. ಕತೆ ಮುಗಿಯಿತು ಅಂದುಕೊಳ್ಳುವಾಗ ಅದೇ ಏಟು ತಿಂದ ವಿಮಾನ ತಿರುಗಿ ನಿಂತು ಸ್ಟಾರ್‌ಫೈಟರನ್ನು ಹೊಡೆಯಿತು. ಅಮ್ಜದ್ ವಿಮಾನದಿಂದ ಹಾರಿ ಬದುಕಿಕೊಂಡರು, ದೇವಯ್ಯ ಉಳಿಯಲಿಲ್ಲ.

ಇದು ಬೆಳಕಿಗೆ ಬಂದದ್ದು 1979ರಲ್ಲಿ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಆ ಯುದ್ಧದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಕೆಡವಿದ ವಿಷಯ ಬಂತು. ನಮ್ಮವರು ಲೆಕ್ಕ ಹಾಕಿ ನೋಡಿದಾಗ ಅದು ದೇವಯ್ಯನವರೇ. 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಅಂದರೆ 23 ವರ್ಷಗಳ ನಂತರ. ಅಷ್ಟು ವರ್ಷ ಅವರ ಮನೆಯವರ ಹತ್ತಿರ ಇದ್ದದ್ದು ಅರ್ಧ ಕತೆ.

ನಮ್ಮ ಕೆಲಸದಲ್ಲೂ ಹೀಗೇ ಅಲ್ಲವಾ? ನಮ್ಮ ಸರ್ವರ್ ಲಾಗ್‌ನಲ್ಲಿ ಮೆಸೇಜ್ ಹೋಯಿತು ಅಂತ ಮಾತ್ರ ಇರುತ್ತದೆ. ಮುಂದೇನಾಯಿತು ಅಂತ ತಿಳಿಯಬೇಕಾದರೆ ಆ ಕಡೆಯ ಲಾಗ್ ಬೇಕು.

ಇನ್ನೊಂದು ಘಟನೆ ತಾತ ಇದ್ದ ಶಕರ್‌ಗಢದ ಕಡೆಯದ್ದೇ. 1971ರ ಡಿಸೆಂಬರ್ 16ರಂದು ಬಸಂತರ್ ನದಿಯ ಹತ್ತಿರ ಟ್ಯಾಂಕ್ ಕಾಳಗ. ಮೈನ್ ತೆಗೆಯುವುದು ಪೂರ್ತಿ ಮುಗಿಯುವ ಮೊದಲೇ ಪೂನಾ ಹಾರ್ಸ್ ಪಡೆಯ ಟ್ಯಾಂಕುಗಳು ನುಗ್ಗಿದ್ದವು. ಅಲ್ಲಿ ಮಡಿದ 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್‌ಗೆ ಪರಮವೀರ ಚಕ್ರ ಸಿಕ್ಕಿತು. 2001ರಲ್ಲಿ ಅವರ ತಂದೆ, ನಿವೃತ್ತ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್, ತಾವು ಹುಟ್ಟಿದ ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ವಯಸ್ಸು 81. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೇರ್. ಹೊರಡುವ ಮುಂಚೆ ಒಂದು ರಾತ್ರಿ ನಾಸೇರ್ ಬಾಯಿಬಿಟ್ಟರು: ನಿಮ್ಮ ಮಗನ ಎದುರಿಗಿದ್ದ ಟ್ಯಾಂಕಿನಲ್ಲಿ ಇದ್ದವನು ನಾನೇ, ಅವನು ಸತ್ತದ್ದು ನನ್ನ ಕೈಯಿಂದಲೇ. ಅರುಣ್ ಎಷ್ಟು ಗಟ್ಟಿಯಾಗಿ ನಿಂತಿದ್ದ ಅನ್ನುವುದನ್ನೂ ಹೇಳಿದರು.

ಆ ಅಪ್ಪನ ಎದೆ ಏನಾಗಿರಬೇಡ! ಆದರೆ ಮಗನ ಕೊನೆ ಗಳಿಗೆಯನ್ನು ಎದುರಿಗೆ ನಿಂತು ಕಂಡವನು ಅವನು. ಮೂವತ್ತು ವರ್ಷ ಅದನ್ನು ಒಳಗೆ ಇಟ್ಟುಕೊಂಡಿದ್ದವನಿಗೂ ಹೇಳಿಕೊಳ್ಳಲು ಒಬ್ಬರು ಬೇಕಿತ್ತು.

ಯುದ್ಧ ಬಿಟ್ಟವರು ಬೆಟ್ಟದಂಥ ದ್ವೇಷ ಹೊತ್ತಿರುತ್ತಾರೆ ಅಂತ ನಾವು ಫೋನ್ ಹಿಡಿದು ಕೂತಲ್ಲೇ ಅಂದುಕೊಳ್ಳುತ್ತೇವೆ. ಅಲ್ಲಿ ಇದ್ದವರು ಹುಡುಕುತ್ತಿರುವುದು ಉಳಿದರ್ಧ ಕತೆಯನ್ನು. ಎರಡೂ ಕಡೆಯವರಿಗೆ ವಯಸ್ಸಾಗಿದೆ. ಒಬ್ಬೊಬ್ಬರು ಹೋದ ಹಾಗೂ ಇನ್ನೊಂದು ಕಡೆಯ ಯಾರದ್ದೋ ಮನೆಯ ಕತೆ ಅರ್ಧಕ್ಕೇ ನಿಲ್ಲುತ್ತದೆ.

ಮೊನ್ನೆ ಮತ್ತೆ ಊರಿಗೆ ಹೋದೆ. ಮೊಬೈಲ್ ರೆಕಾರ್ಡರ್ ಆನ್ ಮಾಡಿ ತಾತನ ಮುಂದಿಟ್ಟೆ. ಗೆಳೆಯನ ಹೆಸರು, ಜಾಗ, ಆ ರಾತ್ರಿಯ ಚಳಿ, ಎಲ್ಲ ಹೇಳಿದರು. ಕೊನೆಗೆ ಕೇಳಿದರು, "ಇದನ್ನ ಆ ಕಡೆಯೋರು ಓದ್ತಾರೇನಪ್ಪಾ?"

"ಕನ್ನಡದಲ್ಲಿ ಬರೀತೀನಿ ತಾತ, ಅವರಿಗೆಲ್ಲಿ ಬರುತ್ತೆ?"

"ಹಂಗಾದ್ರೆ ಇಂಗ್ಲಿಷ್‌ನಾಗೂ ಒಂದು ಬರ್ದಾಕು."