ವಿಶ್ವಕೋಶದ ಲೇಖನವೂ ಅದರ ಪರೀಕ್ಷೆಯೂ: ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಚರಿತ್ರೆಯನ್ನು ಕುರಿತು

ಕನ್ನಡದಲ್ಲಿ ‘ತುಘಲಕ್ ದರ್ಬಾರು’ ಎಂಬ ಮಾತು ರೂಢಿಗೆ ಬಂದು ಬಹುಕಾಲವಾಯಿತು. ಹಿಂದುಮುಂದು ನೋಡದೆ ಕೊಟ್ಟ ಅಪ್ಪಣೆ, ಇಂದು ಹೊರಡಿಸಿ ನಾಳೆ ಹಿಂತೆಗೆದುಕೊಳ್ಳುವ ಕಟ್ಟಳೆ, ಅಧಿಕಾರದಲ್ಲಿರುವವನ ಮನಬಂದ ನಡವಳಿಕೆ, ಇವೆಲ್ಲವನ್ನೂ ಸೂಚಿಸುವುದಕ್ಕೆ ಈ ಒಂದು ಮಾತು ಸಾಕಾಗುತ್ತದೆ. ಕ್ರಿ.ಶ. 1325ರಿಂದ 1351ರ ವರೆಗೆ ದೆಹಲಿಯ ಸಿಂಹಾಸನದಲ್ಲಿದ್ದ ಸುಲ್ತಾನ ಮಹಮ್ಮದ್ ಬಿನ್ ತುಘಲಕನು ಹೀಗೆ ಜನರ ಬಾಯಲ್ಲಿ ನುಡಿಗಟ್ಟಾಗಿ ಉಳಿದಿದ್ದಾನೆ. 1964ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವು ಈ ಅರಸನನ್ನು ಸಾಹಿತ್ಯದ ತರಗತಿಗಳಿಗೂ ತಂದಿತು. ನಾಟಕವನ್ನೋದಿದ ವಿದ್ಯಾರ್ಥಿಗೆ, ನಿಜವಾದ ಸುಲ್ತಾನನು ಎಂತಹವನಾಗಿದ್ದನೆಂಬ ಕುತೂಹಲ ಹುಟ್ಟುವುದು ಸಹಜ. ಆಗ ಅವನು ಬರನಿಯ ಪಾರಸೀ ಗ್ರಂಥವನ್ನು ಹುಡುಕಿಕೊಂಡು ಹೋಗುವುದಿಲ್ಲ, ವಿಶ್ವಕೋಶವನ್ನು ತೆರೆಯುತ್ತಾನೆ. ಅಲ್ಲಿ ದೊರೆಯುವ ಎರಡು ಮೂರು ಪುಟಗಳೇ ಅವನ ಪಾಲಿಗೆ ಇತಿಹಾಸ. ಆದುದರಿಂದ ಆ ಪುಟಗಳು ಅಚ್ಚಾಗುವ ಮೊದಲು, ವಿಷಯವನ್ನು ಬಲ್ಲ ಮತ್ತೊಬ್ಬ ವಿದ್ವಾಂಸನು ಅವುಗಳನ್ನು ಪರೀಕ್ಷಿಸುವ ಪದ್ಧತಿಯು ಎಷ್ಟು ಮುಖ್ಯವಾದುದು, ಆ ಪರೀಕ್ಷೆಯು ಯಾವ ರೀತಿಯದಾಗಿರಬೇಕು ಎಂಬುದು ವಿಚಾರಾರ್ಹವಾಗಿದೆ.

ಸ್ವತಂತ್ರ ಗ್ರಂಥವನ್ನು ಬರೆಯುವವನು ‘ಬರನಿಯು ಹೀಗೆ ಹೇಳುತ್ತಾನೆ, ಇಸಾಮಿಯು ಬೇರೆಯಾಗಿ ಹೇಳುತ್ತಾನೆ’ ಎಂದು ವಿಸ್ತರಿಸಬಲ್ಲನು. ವಿಶ್ವಕೋಶದ ಲೇಖಕನಿಗೆ ಆ ಅವಕಾಶ ಕಡಮೆ. ಅವನು ಸಂಗ್ರಹಿಸಬೇಕು. ಸಂಗ್ರಹಿಸುವಾಗ ಮೊದಲು ಬಿಟ್ಟುಹೋಗುವುದು ಸಾಕ್ಷಿಯ ಹೆಸರು. ‘ಸುಲ್ತಾನನು ಕ್ರೋಧದಿಂದ ದೆಹಲಿಯನ್ನು ಬರಿದು ಮಾಡಿದನೆಂದು ಅವನ ಶತ್ರುವಿನ ಆಶ್ರಿತನಾದ ಕವಿಯು ಬರೆದನು’ ಎಂಬ ವಾಕ್ಯವು ‘ಸುಲ್ತಾನನು ಕ್ರೋಧದಿಂದ ದೆಹಲಿಯನ್ನು ಬರಿದು ಮಾಡಿದನು’ ಎಂದಾಗುತ್ತದೆ. ಒಬ್ಬನ ಆಪಾದನೆಯು ಹೀಗೆ ಎಲ್ಲರ ತಿಳಿವಳಿಕೆಯಾಗಿ ಮಾರ್ಪಡುತ್ತದೆ. ಪರೀಕ್ಷಕನು ಕಾಗುಣಿತವನ್ನೂ ಇಸವಿಗಳನ್ನೂ ತಿದ್ದುವುದು ಒಳ್ಳೆಯದೇ. ಆದರೆ ಲೇಖನದ ಪ್ರತಿಯೊಂದು ವಾಕ್ಯವೂ ಮೊದಲು ಯಾರ ಬಾಯಿಂದ ಹೊರಟಿತು ಎಂದು ಕೇಳಿ, ಬಿಟ್ಟುಹೋದ ಆ ಹೆಸರನ್ನು ಅದರ ಸ್ಥಾನದಲ್ಲಿ ಮತ್ತೆ ಇರಿಸುವುದೇ ಅವನ ಮುಖ್ಯ ಕರ್ತವ್ಯ.

ಈ ಸುಲ್ತಾನನ ವಿಷಯದಲ್ಲಿ ಮುಖ್ಯ ಸಾಕ್ಷಿಗಳು ಮೂವರು. ಜಿಯಾವುದ್ದೀನ್ ಬರನಿಯು ಹದಿನೇಳು ವರ್ಷಗಳಿಗೂ ಮೇಲ್ಪಟ್ಟು ಸುಲ್ತಾನನ ಆಸ್ಥಾನದಲ್ಲಿ ನದೀಮನಾಗಿ, ಎಂದರೆ ಸಲ್ಲಾಪದ ಸಹವಾಸಿಯಾಗಿ ಇದ್ದವನು. ಪ್ರಭುವು ತೀರಿಕೊಂಡ ಮೇಲೆ ಪದವಿಯನ್ನೂ ಧನವನ್ನೂ ಕಳೆದುಕೊಂಡು, ವೃದ್ಧಾಪ್ಯದಲ್ಲಿ ಹೊಸ ಸುಲ್ತಾನ ಫಿರೂಜ್ ಷಹನ ಕೃಪೆಯನ್ನು ಹಾರೈಸುತ್ತ, 1357ರಲ್ಲಿ ‘ತಾರೀಖ್-ಇ-ಫಿರೂಜ್‌ಷಾಹಿ’ಯನ್ನು ಮುಗಿಸಿದನು. ಎರಡನೆಯವನು ಇಸಾಮಿ. 1327ರಲ್ಲಿ ದೆಹಲಿಯಿಂದ ದೌಲತಾಬಾದಿಗೆ ಹೊರಟ ಜನರಲ್ಲಿ ತೊಂಬತ್ತು ವರ್ಷದ ತನ್ನ ಅಜ್ಜನೊಡನೆ ಈ ಬಾಲಕನೂ ಇದ್ದನು. ಮೊದಲ ಬೀಡಾದ ತಿಲಪತ್‌ನಲ್ಲಿಯೇ ಅಜ್ಜನು ಅಸುನೀಗಿದನು. ಇಸಾಮಿಯು ತನ್ನ ‘ಫುತೂಹ್-ಉಸ್-ಸಲಾತೀನ್’ ಕಾವ್ಯವನ್ನು 1350ರಲ್ಲಿ ಮುಗಿಸಿ ಒಪ್ಪಿಸಿದುದು, ಮೂರು ವರ್ಷಗಳ ಹಿಂದೆ ಇದೇ ಸುಲ್ತಾನನ ವಿರುದ್ಧ ದಂಗೆಯೆದ್ದು ದಕ್ಷಿಣದಲ್ಲಿ ಸ್ವತಂತ್ರ ರಾಜ್ಯವನ್ನು ಕಟ್ಟಿದ ಅಲಾವುದ್ದೀನ್ ಬಹಮನ್ ಷಹನಿಗೆ. ಮೂರನೆಯವನು ಮೊರಾಕೋ ದೇಶದ ಇಬ್ನ್ ಬತೂತ. 1334ರಲ್ಲಿ ದೆಹಲಿಗೆ ಬಂದು, ಖಾಜಿಯ ಪದವಿಯನ್ನು ಪಡೆದು, ಧಾರಾಳವಾದ ಬಹುಮಾನಗಳನ್ನು ಸ್ವೀಕರಿಸಿ, ಒಮ್ಮೆ ಸುಲ್ತಾನನ ಕೋಪಕ್ಕೆ ಗುರಿಯಾಗಿ ಕಾವಲಿನಲ್ಲಿ ಪ್ರಾಣಭಯದಿಂದ ದಿನಗಳನ್ನು ಎಣಿಸಿ, 1342ರಲ್ಲಿ ಚೀನಕ್ಕೆ ರಾಯಭಾರಿಯಾಗಿ ಹೊರಟವನು. ಅವನ ಪ್ರವಾಸಕಥನವು ಬರಹಕ್ಕಿಳಿದುದು 1355ರ ಸುಮಾರಿಗೆ, ತನ್ನ ನಾಡಿನಲ್ಲಿ, ಸುಲ್ತಾನನ ಕೈಗೆಟುಕದ ದೂರದಲ್ಲಿ.

ಮೂವರಲ್ಲಿ ಒಬ್ಬನೂ ತಟಸ್ಥನಲ್ಲ. ಹಾಗೆಂದು ಮೂವರೂ ಸುಳ್ಳುಗಾರರೆಂದಲ್ಲ. ಬರನಿಯಂತೂ ತಾನೂ ತನ್ನಂಥವರೂ ಲೋಭಕ್ಕೆ ಬಿದ್ದು ಸುಲ್ತಾನನ ಎದುರಿಗೆ ಸತ್ಯವನ್ನಾಡದೆ ಹೋದೆವೆಂದು ತನ್ನ ಗ್ರಂಥದಲ್ಲಿಯೇ ಮರುಗಿದ್ದಾನೆ. ಇಂತಹ ಸಾಕ್ಷಿಯನ್ನು ಕೈಬಿಡಲೂ ಬಾರದು, ಹಾಗೆಯೇ ನಂಬಲೂ ಬಾರದು.

ರಾಜಧಾನಿಯ ಬದಲಾವಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸುಲ್ತಾನನು ಹಾಗೇಕೆ ಮಾಡಿದನು? ದೌಲತಾಬಾದು ರಾಜ್ಯದ ಮಧ್ಯಭಾಗದಲ್ಲಿದ್ದಿತೆಂಬ ಕಾರಣವನ್ನು ಬರನಿಯು ಕೊಡುತ್ತಾನೆ. ದೆಹಲಿಯ ಜನರು ಬೈಗುಳದ ಓಲೆಗಳನ್ನು ಬರೆದು ರಾತ್ರಿ ಸಭಾಮಂದಿರದೊಳಕ್ಕೆ ಎಸೆಯುತ್ತಿದ್ದರೆಂದೂ ಅದಕ್ಕಾಗಿ ಅವನು ಸೇಡು ತೀರಿಸಿಕೊಂಡನೆಂದೂ ಇಬ್ನ್ ಬತೂತನು ಬರೆಯುತ್ತಾನೆ. ಇಸಾಮಿಗೆ ಕಾಣುವುದು ಪ್ರಜೆಗಳ ಮೇಲಿನ ದ್ವೇಷವೊಂದೇ. ನಾಯಿ ಬೆಕ್ಕುಗಳೂ ಉಳಿಯಲಿಲ್ಲವೆಂಬುದು ಬರನಿಯ ಉತ್ಪ್ರೇಕ್ಷೆ. ಕುಂಟನೊಬ್ಬನನ್ನು ಕವಣೆಯಂತ್ರದಿಂದ ಎಸೆಯಿಸಿ, ಕುರುಡನೊಬ್ಬನನ್ನು ದೌಲತಾಬಾದಿನ ವರೆಗೆ ಎಳೆಯಿಸಲು, ಕಡೆಗೆ ಅವನ ಕಾಲೊಂದು ಮಾತ್ರ ಊರು ಸೇರಿತೆಂಬ ಕಥೆಯು ಇಬ್ನ್ ಬತೂತನದು. ಅದು ನಡೆಯಿತೆನ್ನುವ ಕಾಲದಲ್ಲಿ ಅವನು ಹಿಂದೂಸ್ಥಾನವನ್ನು ಕಂಡೇ ಇರಲಿಲ್ಲ. ನಗರವು ಬಹುಮಟ್ಟಿಗೆ ಬರಿದಾಗಿತ್ತೆನ್ನುವ ಅದೇ ಗ್ರಂಥವು ದೆಹಲಿಯನ್ನು ಹಿಂದೂಸ್ಥಾನದ ಅತ್ಯಂತ ದೊಡ್ಡ ನಗರವೆಂದೂ ವರ್ಣಿಸುತ್ತದೆ. ಇದಕ್ಕೆ ಎದುರಾಗಿ ದೆಹಲಿಯ ಸುತ್ತಿನ ನಾರಾಯಣಾ ಮತ್ತು ಸರಬನ್ ಗ್ರಾಮಗಳಲ್ಲಿ ದೊರೆತ, ವಿಕ್ರಮ ಸಂವತ್ಸರ 1384ರ, ಎಂದರೆ ಕ್ರಿ.ಶ. 1327-28ರ, ಎರಡು ಸಂಸ್ಕೃತ ಶಾಸನಗಳನ್ನು ಇರಿಸಬೇಕು. ನಗರವು ಹಾಳುಬಿದ್ದಿತೆನ್ನುವ ವರ್ಷಗಳಲ್ಲಿಯೇ ಅಲ್ಲಿನ ವರ್ತಕ ಕುಟುಂಬಗಳು ಬಾವಿಗಳನ್ನು ತೋಡಿಸಿ ಕಲ್ಲಿನಲ್ಲಿ ತಮ್ಮ ವಂಶವನ್ನು ಬರೆಯಿಸಿವೆ. ಅಧಿಕಾರಿಗಳು, ಉಲೇಮರು, ಸೂಫಿ ಸಂತರು, ಅವರ ಪರಿವಾರಗಳು ದೌಲತಾಬಾದಿಗೆ ಹೋಗಬೇಕಾಯಿತು, ದಾರಿಯಲ್ಲಿ ಬಹಳ ಮಂದಿ ನೊಂದರು, ಸತ್ತರು, ಊರೆಲ್ಲ ಬರಿದಾಗಲಿಲ್ಲ. ಪರೀಕ್ಷಕನು ಲೇಖನದಲ್ಲಿ ಉಳಿಸಬಹುದಾದುದು ಇಷ್ಟು. ಇಸಾಮಿಯ ಅಜ್ಜನ ಸಾವು ಉತ್ಪ್ರೇಕ್ಷೆಯಲ್ಲವೆಂಬುದನ್ನೂ ಅವನು ಮರೆಯಬಾರದು.

ಅಫಘಾನ್‌ಪುರದ ಮಂಟಪದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. 1325ರಲ್ಲಿ ಆ ಮಂಟಪವು ಕುಸಿದು ಸುಲ್ತಾನ ಘಿಯಾಸುದ್ದೀನನು ಮೃತನಾದನು, ಮಗನಿಗೆ ಪಟ್ಟವಾಯಿತು. ಬರನಿಯು ಆಕಾಶದಿಂದ ಸಿಡಿಲೆರಗಿತೆನ್ನುತ್ತಾನೆ. ಆದರೆ ಆ ವಾಕ್ಯದಲ್ಲಿ ಸಿಡಿಲು ವಾಚ್ಯಾರ್ಥವೋ, ದೈವವು ತಂದ ವಿಪತ್ತೆಂಬ ಲಕ್ಷ್ಯಾರ್ಥವೋ ಎಂಬುದು ನಿಶ್ಚಯವಾಗದು. ಮಗನೇ ಮಾಡಿಸಿದ ಕೊಲೆಯೆಂದು ಇಬ್ನ್ ಬತೂತನು ಮುಲ್ತಾನಿನ ಶೇಖ್ ರುಕ್ನುದ್ದೀನನ ಮಾತನ್ನು ಆಧರಿಸಿ ಬರೆದನು. ಪಿತೃಹತ್ಯೆಯೆಂದು ಬರೆಯುವ ವಿಶ್ವಕೋಶವೂ ಸಿಡಿಲೆಂದು ಬರೆಯುವ ವಿಶ್ವಕೋಶವೂ ಸಮಾನವಾಗಿ ತಪ್ಪುತ್ತವೆ. ಪಾರಸೀ ವಾಕ್ಯವೊಂದರ ಅಲಂಕಾರವನ್ನು ಬಿಡಿಸಲಾರದೆ ಚರಿತ್ರೆಯು ಏಳು ಶತಮಾನಗಳಿಂದ ತಡವರಿಸುತ್ತಿದೆ ಎಂಬುದು ಸಾಹಿತ್ಯದ ಅಧ್ಯಾಪಕರ ಲಕ್ಷ್ಯಕ್ಕೆ ಬರಬೇಕಾದ ಸಂಗತಿ.

ಹಿತ್ತಾಳೆ ತಾಮ್ರಗಳ ನಾಣ್ಯದ ವಿಷಯದಲ್ಲಿ ನಾಣ್ಯಗಳೇ ಸಾಕ್ಷಿ ನುಡಿಯುತ್ತವೆ. ಹಿಜರಿ 730ರಿಂದ 732ರ ವರೆಗಿನ, ಎಂದರೆ 1329ರ ಕೊನೆಯಿಂದ 1332ರ ವರೆಗಿನ ಆ ನಾಣ್ಯಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಸುಲ್ತಾನನಿಗೆ ವಿಧೇಯನಾದವನು ದೇವರಿಗೂ ವಿಧೇಯನೆಂಬ ಅರ್ಥದ ಬರಹವನ್ನು ಅವುಗಳ ಮೇಲೆ ಕೊರೆಯಿಸಿದ್ದಾನೆ; ನಾಣ್ಯವು ಚಲಿಸಲು ಲೋಹದ ಬೆಲೆಯಲ್ಲದೆ ಪ್ರಜೆಯ ನಂಬಿಕೆಯೂ ಬೇಕೆಂದು ಅವನು ಅರಿತಿದ್ದನೆಂಬುದು ಇದರಿಂದ ವಿದಿತವಾಗುತ್ತದೆ. ಚೀನದಲ್ಲಿ ಕುಬ್ಲಾಯಿ ಖಾನನ ಕಾಗದದ ಹಣವು ನಡೆದಿತ್ತು. ಪಾರಸದಲ್ಲಿ 1294ರಲ್ಲಿ ಗೈಖಾತುವು ಅದನ್ನೇ ಅನುಕರಿಸಿ ಕೈಸೋತನು. ಇವುಗಳನ್ನು ಹೇಳದೆ, ಯೋಜನೆಯು ಬಾನಿನಿಂದ ಉದುರಿದ ಹುಚ್ಚು ಎಂಬಂತೆ ಬರೆಯುವುದು ಅನ್ಯಾಯ. ಮನೆಮನೆಯೂ ಟಂಕಸಾಲೆಯಾಯಿತೆಂದು ಬರನಿಯು ದೂರುತ್ತಾನೆ. ಖೋಟಾ ನಾಣ್ಯಗಳನ್ನು ತಡೆಯುವ ಉಪಾಯವನ್ನು ಮೊದಲೇ ಮಾಡದಿದ್ದುದು ಸುಲ್ತಾನನ ನಿಜವಾದ ದೋಷ. ಆದರೂ ಬೊಕ್ಕಸದಿಂದ ಬೆಳ್ಳಿ ಬಂಗಾರಗಳನ್ನು ಕೊಟ್ಟು ಆ ನಾಣ್ಯಗಳನ್ನು ಹಿಂದಕ್ಕೆ ಪಡೆದನೆಂದು ಅದೇ ಬರನಿಯು ಒಪ್ಪುತ್ತಾನೆ. ಎರಡು ವರ್ಷಗಳ ತರುವಾಯ ದೆಹಲಿಗೆ ಬಂದ ಇಬ್ನ್ ಬತೂತನು ಈ ವಿಷಯವನ್ನೇ ಎತ್ತುವುದಿಲ್ಲ.

ತಪ್ಪುಗಳಿಗೂ ಒಂದು ವಂಶಾವಳಿಯುಂಟು. ಈ ಸುಲ್ತಾನನು ಚೀನ ದೇಶವನ್ನು ಗೆಲ್ಲಲು ಸೈನ್ಯವನ್ನಟ್ಟಿದನೆಂಬ ಮಾತು ಹಳೆಯ ಪಠ್ಯಪುಸ್ತಕಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಬರನಿಯೂ ಇಬ್ನ್ ಬತೂತನೂ ಹೇಳುವುದು ಹಿಮಾಲಯದ ಕರಾಚಿಲ್ ಎಂಬ ಪರ್ವತಪ್ರದೇಶದ ದಂಡಯಾತ್ರೆಯನ್ನು. ಅದು ಹಿಂದೂಸ್ಥಾನಕ್ಕೂ ಚೀನಕ್ಕೂ ನಡುವಿನ ನಾಡು. ಚೀನವೇ ಗುರಿಯಾಗಿತ್ತೆಂದು ಬರೆದವನು ಫೆರಿಸ್ತಾ. ಅವನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಷಹನ ಆಶ್ರಯದಲ್ಲಿ, ಹದಿನೇಳನೆಯ ಶತಮಾನದ ಆದಿಯಲ್ಲಿ, ಘಟನೆಯಾದ ಎರಡೂವರೆ ಶತಮಾನಗಳ ಮೇಲೆ ಬರೆದವನು. 1829ರಲ್ಲಿ ಬ್ರಿಗ್ಸ್ ಎಂಬಾತನು ಫೆರಿಸ್ತಾನ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. 1841ರಲ್ಲಿ ತನ್ನ ಇತಿಹಾಸವನ್ನು ಹೊರತಂದ ಎಲ್ಫಿನ್‌ಸ್ಟನನು ಸುಲ್ತಾನನಿಗೆ ಬುದ್ಧಿಭ್ರಮೆಯ ಅಂಶವಿದ್ದಿತೋ ಏನೋ ಎಂಬ ಸಂಶಯವನ್ನೂ ಸೇರಿಸಿದನು. ಬಿಜಾಪುರದಲ್ಲಿ ಹುಟ್ಟಿದ ತಪ್ಪು ಲಂಡನ್ನಿಗೆ ಹೋಗಿ, ಅಲ್ಲಿಂದ ಪ್ರಮಾಣದ ಗೌರವವನ್ನು ಪಡೆದು ಕನ್ನಡನಾಡಿಗೆ ಮರಳಿ ಬಂದಿತು!

ಕನ್ನಡದಲ್ಲಿ ಬರೆದ ಲೇಖನವಾದರೆ ಪರೀಕ್ಷಕನ ಹೊಣೆಯು ಇನ್ನಷ್ಟು ಹೆಚ್ಚುತ್ತದೆ. ಈ ಆಳಿಕೆಯ ಒಂದು ಮುಖ್ಯ ಘಟನೆ ನಡೆದುದು ಇದೇ ನೆಲದಲ್ಲಿ. ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ, ಸುಲ್ತಾನನ ಬಂಧುವಾದ ಬಹಾವುದ್ದೀನ್ ಗುರ್ಶಾಸ್ಪನು 1326-27ರಲ್ಲಿ ದಂಗೆಯೆದ್ದು ಸೋತು ಕಂಪಿಲಿಯ ಅರಸನಲ್ಲಿ ಮರೆಹೊಕ್ಕನು. ಕಂಪಿಲಿಯು ಹಾಳಾಯಿತು. ಗುರ್ಶಾಸ್ಪನು ಹೊಯ್ಸಳ ಮುಮ್ಮಡಿ ಬಲ್ಲಾಳನ ಬಳಿಗೆ ಓಡಲು, ಬಲ್ಲಾಳನು ಅವನನ್ನು ಹಿಡಿದೊಪ್ಪಿಸಿದನು. ಇದನ್ನೇ ನಂಜುಂಡಕವಿ ಮೊದಲಾದವರು ಕುಮಾರರಾಮನ ಕಥೆಯಾಗಿ ಸಾಂಗತ್ಯದಲ್ಲಿ ಹಾಡಿದರು. ಅಲ್ಲಿ ಯುದ್ಧಕ್ಕೆ ಸುರಿತಾಳನ ಮಗಳ ಪ್ರೇಮವೂ ಕಾರಣವಾಗಿದೆ. ರಾಮನು ಹೋರಾಡಿ ಮಡಿಯುತ್ತಾನೆ. ಇಬ್ನ್ ಬತೂತನಾದರೋ ಕಂಪಿಲರಾಯನ ಹನ್ನೊಂದು ಮಂದಿ ಮಕ್ಕಳು ಸೆರೆಸಿಕ್ಕಿ ಮತಾಂತರ ಹೊಂದಿದರೆಂದೂ, ಅವರಲ್ಲಿ ಮೂವರನ್ನು ತಾನು ಆಸ್ಥಾನದಲ್ಲಿ ಕಂಡೆನೆಂದೂ ಹೇಳುತ್ತಾನೆ. ಎರಡು ನೂರು ವರ್ಷಗಳ ಮೇಲೆ ಬರೆದ ಕಾವ್ಯವನ್ನು ದಂಡಯಾತ್ರೆಯ ವರದಿಯೆಂದು ಎಣಿಸಲಾಗದು. ಸೋತ ನಾಡು ತನ್ನ ಸೋಲನ್ನು ಹೇಗೆ ನೆನಪಿನಲ್ಲಿಟ್ಟುಕೊಂಡಿತೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷಿಯೂ ಇಲ್ಲ. ಆ ಮಟ್ಟಿಗೆ ಅದನ್ನು ಲೇಖನದಲ್ಲಿ ಹೆಸರಿಸತಕ್ಕದ್ದು.

ಕಲ್ಯಾಣದಲ್ಲಿ ದೊರೆತ ಶಕವರ್ಷ 1248ರ (ಕ್ರಿ.ಶ. 1326) ಸಂಸ್ಕೃತ ಶಾಸನವು ಇದಕ್ಕಿಂತಲೂ ಗಮನಾರ್ಹವಾದುದು. ಸ್ಥಳೀಯ ಗಲಭೆಯಲ್ಲಿ ನಿಂತುಹೋಗಿದ್ದ ಶಿವಾಲಯದ ಪೂಜೆಯು, ಸುಲ್ತಾನ ಮಹಮ್ಮದನ ಅಧಿಕಾರಿಗಳ ಅನುಮತಿಯಿಂದ, ದೇಗುಲದ ಜೀರ್ಣೋದ್ಧಾರದೊಡನೆ ಮತ್ತೆ ಸಾಗಿತೆಂದು ಅದರಿಂದ ತಿಳಿದುಬರುತ್ತದೆ. ಮೂವರು ಇತಿಹಾಸಕಾರರಲ್ಲಿ ಒಬ್ಬನಿಗೂ ಈ ಸಂಗತಿಯು ಬೇಕಾಗಿರಲಿಲ್ಲ. ಇದನ್ನು ಬಿಟ್ಟ ಲೇಖನವು ಅಪೂರ್ಣ. ಆದರೆ ಈ ಒಂದು ಕಲ್ಲನ್ನು ಹಿಡಿದು ಸುಲ್ತಾನನನ್ನು ಸರ್ವಧರ್ಮಪೋಷಕನೆಂದು ಹೊಗಳುವುದೂ ಸಲ್ಲದು. ಇವನೇ ಯುವರಾಜನಾಗಿದ್ದಾಗ, 1323ರಲ್ಲಿ, ಓರುಗಲ್ಲನ್ನು ಗೆದ್ದನು. ಅಲ್ಲಿನ ಸ್ವಯಂಭೂ ಶಿವಾಲಯದ ಮುರಿದ ಕಂಬಗಳು ಈಗಲೂ ನೆಲದ ಮೇಲೆ ಬಿದ್ದಿವೆ. ಗೆಲ್ಲಬೇಕಾದ ರಾಜ್ಯದ ದೇವರಿಗೂ ಗೆದ್ದು ತನ್ನದಾದ ನಾಡಿನ ದೇವರಿಗೂ ಅವನ ಸರಕಾರವು ಬೇರೆ ಬೇರೆ ರೀತಿಯಲ್ಲಿ ನಡೆದುಕೊಂಡಂತೆ ತೋರುತ್ತದೆ. ಎರಡನ್ನೂ ಒಂದೇ ಪುಟದಲ್ಲಿ ಹೇಳುವ ಧೈರ್ಯವು ಲೇಖಕನಿಗೆ ಇಲ್ಲದಿದ್ದರೆ ಪರೀಕ್ಷಕನಾದರೂ ಅದನ್ನು ತೋರಿಸಬೇಕು.

1938ರಲ್ಲಿ ಮೆಹದಿ ಹುಸೇನರು ಪ್ರಕಟಿಸಿದ ಗ್ರಂಥವು ಸುಲ್ತಾನನ ಪಕ್ಷವನ್ನು ಸಮರ್ಥವಾಗಿ ಎತ್ತಿಹಿಡಿಯಿತು. ಅದರಿಂದಾದ ಉಪಕಾರವು ದೊಡ್ಡದು. ಅದರ ಬೆನ್ನ ಹಿಂದೆಯೇ, ಹುಚ್ಚನೆನ್ನುವ ಸ್ಥಾನದಲ್ಲಿ ಕಾಲಕ್ಕಿಂತ ಮುಂದಿದ್ದ ಮೇಧಾವಿಯೆನ್ನುವ ವಾಡಿಕೆಯೂ ಬೆಳೆಯಿತು. ಮಿತಿಯಿಲ್ಲದ ಮರಣದಂಡನೆಗಳ ವಿಷಯದಲ್ಲಿ, ಉಪ್ಪು ತಿಂದ ಬರನಿಯೂ ಉಡುಗೊರೆ ಪಡೆದ ಪರದೇಶಿಯೂ ಊರು ಕಳೆದುಕೊಂಡ ಇಸಾಮಿಯೂ ಒಂದೇ ಮಾತನ್ನಾಡುತ್ತಾರೆ. ಒಬ್ಬರನ್ನೊಬ್ಬರು ಅನುಸರಿಸಿ ಬರೆಯದ ಮೂವರು ಹೀಗೆ ಒಪ್ಪುವಲ್ಲಿ ಸಂಶಯಕ್ಕೆ ಎಡೆ ಕಡಮೆ. ಇನ್ನು ಸುಲ್ತಾನನ ಆತ್ಮಕಥೆಯದೆನ್ನುವ ನಾಲ್ಕು ಹಾಳೆಗಳು ‘ತಬಕಾತ್-ಇ-ನಾಸಿರಿ’ಯ ಹಸ್ತಪ್ರತಿಯೊಂದರ ಜೊತೆಗೆ ಸೇರಿಕೊಂಡು ದೊರೆತಿವೆ. ಅವು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಅವುಗಳಿಂದ ಅವನ ಮನೋಧರ್ಮವನ್ನು ನಿರ್ಣಯಿಸುವ ಲೇಖನವನ್ನು ಹಿಂದಿರುಗಿಸುವುದೇ ಲೇಸು.

ಕಾಲಗಣನೆಯ ತೊಡಕನ್ನೂ ಇಲ್ಲಿ ಹೇಳಬೇಕು. ಹಿಜರಿ 727ನೆಯ ವರ್ಷವು 1326ರ ನವೆಂಬರ್ ತಿಂಗಳಿನಲ್ಲಿ ಮೊದಲಾಗುತ್ತದೆ. ಅದನ್ನು 1327 ಎಂದಷ್ಟೇ ಬರೆದರೆ ಗುರ್ಶಾಸ್ಪನ ದಂಗೆಯೂ ರಾಜಧಾನಿಯ ಬದಲಾವಣೆಯೂ ಒಂದರ ಮೇಲೊಂದು ಬಿದ್ದು, ಯಾವುದು ಯಾವುದಕ್ಕೆ ಕಾರಣವೆಂಬುದು ಮಸುಕಾಗುತ್ತದೆ. ಹೆಸರುಗಳ ವಿಷಯವೂ ಹಾಗೆಯೇ. ಓರುಗಲ್ಲನ್ನು ಗೆದ್ದ ಉಲುಘ್ ಖಾನ್, ಜೌನಾ ಎಂಬ ರಾಜಕುಮಾರ, ಸುಲ್ತಾನ ಮಹಮ್ಮದ್, ಈ ಮೂವರೂ ಒಬ್ಬನೇ. ಆದರೆ 1299ರಲ್ಲಿ ಗುಜರಾತಿನ ಮೇಲೆ ಏರಿಹೋದ ಉಲುಘ್ ಖಾನನು ಬೇರೆಯವನು. ಅವನು ಅಲಾವುದ್ದೀನ್ ಖಿಲ್ಜಿಯ ತಮ್ಮ. ವಿಶ್ವಕೋಶದ ಅಕಾರಾದಿಯಲ್ಲಿ ಇಬ್ಬರು ಉಲುಘ್ ಖಾನರೂ ಒಂದೇ ಶೀರ್ಷಿಕೆಯಡಿಯಲ್ಲಿ ಸೇರಿಹೋಗದಂತೆ ಪರೀಕ್ಷಕನು ಅಂಚಿನಲ್ಲಿ ಗುರುತು ಮಾಡಿಕೊಡಬೇಕು.