ಹುಡಗಿ ಸೀಮೆಯ ಸೂಲಗಿತ್ತಿಯರೂ ದಾದಿಯರೂ

ಹನ್ನೆರಡನೆಯ ಶತಮಾನದ ವಚನಕಾರರ ಪಂಕ್ತಿಯಲ್ಲಿ ವೈದ್ಯ ಸಂಗಣ್ಣನಿಗೆ ಸ್ಥಾನ ದೊರೆತಿದೆ. ಆದರೆ ಕಲ್ಯಾಣದ ಕೇರಿಗಳಲ್ಲಾಗಲಿ, ಬೀದರ ಜಿಲ್ಲೆಯ ಹುಮನಾಬಾದ ಸೀಮೆಯ ಹುಡಗಿಯಂಥ ಗ್ರಾಮಗಳಲ್ಲಾಗಲಿ, ಎಷ್ಟೋ ತಲೆಮಾರುಗಳ ಶಿಶುಗಳನ್ನು ಮೊದಲು ಕೈಯಲ್ಲಿ ಹಿಡಿದ ಸೂಲಗಿತ್ತಿಯರ ಹೆಸರುಗಳು ಆ ಪಂಕ್ತಿಯನ್ನು ಸೇರಲಿಲ್ಲ.

ಅರ್ಧರಾತ್ರಿಯಲ್ಲಿ ಕರೆ ಬಂದರೆ ಕಂದೀಲಿನ ಹಿಂದೆ ನಡೆದು ಬಂದು, ಎಣ್ಣೆ ಸವರಿದ ಕೈಯಿಂದ ಬಸುರಿಯ ಹೊಟ್ಟೆಯನ್ನು ನೀವಿ, ಕೂಸಿನ ತಲೆ ಎತ್ತ ತಿರುಗಿದೆಯೆಂಬುದನ್ನು ಬೆರಳ ತುದಿಯಲ್ಲಿಯೇ ಅರಿತು, ಹೆರಿಗೆಯಾದ ಬಳಿಕ ನೂಲಿನಿಂದ ಹೊಕ್ಕುಳಬಳ್ಳಿಯನ್ನು ಕಟ್ಟಿ ಕುಡುಗೋಲಿನಿಂದ ಕೊಯ್ಯುತ್ತಿದ್ದ ಸೂಲಗಿತ್ತಿಗೆ ಒಂದು ಮೊರ ಜೋಳ, ಒಂದು ಖಣ ಸಂದರೆ ಋಣ ತೀರಿತು. ಅದೇ ಕುಡುಗೋಲು ಕೂಸಿಗೆ ಧನುರ್ವಾಯುವನ್ನು ತರಬಲ್ಲದಾಗಿತ್ತೆಂಬುದನ್ನೂ, ಅಡ್ಡ ಬಿದ್ದ ಗರ್ಭದ ಮುಂದೆ ಆಕೆಯ ವಿದ್ಯೆ ಅನೇಕವೇಳೆ ಸೋಲುತ್ತಿತ್ತೆಂಬುದನ್ನೂ ಮರೆಮಾಚಿ ಹೊಗಳುವುದು ಚರಿತ್ರಕಾರನಿಗೆ ತಕ್ಕುದಲ್ಲ.

ದಾಯಿಯರೆನಿಸಿದ ಇಂಥ ಸೂಲಗಿತ್ತಿಯರಿಗೆ ತರಬೇತಿ ಕೊಡಿಸುವುದು ತತ್ಕಾಲಕ್ಕೆ ಅನಿವಾರ್ಯವೆಂದು, ದೇಶದ ಆರೋಗ್ಯಸೇವೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಹೇಳಿತು. 1951ರಲ್ಲಿ ಸಹಾಯಕ ದಾದಿ-ಸೂಲಗಿತ್ತಿಯರ ಶಿಕ್ಷಣ ದೇಶದಲ್ಲಿ ಮೊದಲಾಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬಂದು ಮೈಸೂರು ರಾಜ್ಯವನ್ನು ಕೂಡಿದ ಬೀದರ ಜಿಲ್ಲೆಯ ಹಳ್ಳಿಗಳಿಗೂ ಮುಂದೆ ಈ ಶಿಕ್ಷಣ ಪಡೆದ, ಬಿಳಿಸೀರೆಯ ನರ್ಸಬಾಯಿ ಬಂದಳು. 1973ರ ಕರ್ತಾರ್ ಸಿಂಗ್ ಸಮಿತಿಯ ಸಲಹೆಯಂತೆ ಆಕೆ ಬಹೂದ್ದೇಶ ಕಾರ್ಯಕರ್ತೆಯಾಗಿ, ಮುಂದೆ ಬಯಲುಸೀಮೆಯಲ್ಲಿ 5,000 ಜನರಿಗೊಂದು ಆರೋಗ್ಯ ಉಪಕೇಂದ್ರವೆಂಬ ಲೆಕ್ಕವೂ ಆಗಿ, ಲಸಿಕೆ, ಕುಟುಂಬಯೋಜನೆಯ ಗುರಿ, ಮನೆ ಮನೆಯ ದಾಖಲೆಪುಸ್ತಕಗಳ ಭಾರವನ್ನೆಲ್ಲ ಹೊತ್ತಳು. ಹೆರಿಗೆಯ ಕೈ ಹೀಗೆ ಲೇಖನಿಯ ಕೈಯಾದುದನ್ನು ನಾನಂತೂ ಪ್ರಗತಿಯೆಂದು ಕರೆಯಲಾರೆ.

ಅತ್ತ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯನೂ 1965ರಲ್ಲಿಯೇ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ಆರಂಭಿಸಿ, ದಾದಿಯು ರೋಗಿಯನ್ನು ತಾನೇ ಪರೀಕ್ಷಿಸಿ ನಿರ್ಣಯಿಸಬಹುದೆಂಬ ಮಾರ್ಗವನ್ನು ತೋರಿದ್ದರು. ನಮ್ಮಲ್ಲಿ ಸೂಲಗಿತ್ತಿಶಾಸ್ತ್ರದಲ್ಲಿ ಅಂಥ ದಾದಿಯರನ್ನು ಹದಿನೆಂಟು ತಿಂಗಳ ತರಬೇತಿಯಿಂದ ಸಿದ್ಧಗೊಳಿಸುವ ರಾಷ್ಟ್ರೀಯ ಮಾರ್ಗಸೂಚಿ 2018ರಲ್ಲಿ ಬಂದಿತು. ಅದೇ ವರುಷ ಆಯುಷ್ಮಾನ್ ಭಾರತ ಯೋಜನೆಯ ಮೂಲಕ ಉಪಕೇಂದ್ರಗಳಿಗೆ, ಬಹುಮಟ್ಟಿಗೆ ನರ್ಸಿಂಗ್ ಕಲಿತವರೇ ಆದ, ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ರಕ್ತದೊತ್ತಡದ ಗುಳಿಗೆಯನ್ನು ವೈದ್ಯಾಧಿಕಾರಿ ಒಮ್ಮೆ ಬರೆದುಕೊಟ್ಟ ಬಳಿಕ ತಿಂಗಳು ತಿಂಗಳು ಕೊಡುವ ಕೆಲಸ ಇವರದು. ಹೊಸದಾಗಿ ಆರಂಭಿಸುವುದಕ್ಕೆ ವೈದ್ಯನ ಸಮ್ಮತಿ ಬೇಕು. ಕರೆದರೆ ವೈದ್ಯನು ದೊರೆಯುವ ಪಟ್ಟಣದಲ್ಲಿ ಕುಳಿತವರು ಎಳೆದ ಎಲ್ಲೆಯಿದು. ಹಳ್ಳಿಯ ದವಾಖಾನೆಯಲ್ಲಿ ನಿಂತು ನೋಡಿದವರು ಇದನ್ನು ಇನ್ನಷ್ಟು ಆಚೆಗೆ ಎಳೆಯುತ್ತಿದ್ದರು.